ಗುಂಡಿ ಒತ್ತುವ ಮುನ್ನ ಓದಿ: ಇಟಿಎಫ್ ಬಳಕೆದಾರರ ಕೈಪಿಡಿ

ಅಭಿನಂದನೆಗಳು!

ಈ ಕೈಪಿಡಿ ನಿಮ್ಮ ಕೈಯಲ್ಲಿದೆ ಎಂದರೆ ತಿಂಗಳ ಕೊನೆಗೆ ನಿಮ್ಮ ಖಾತೆಯಲ್ಲಿ ನಾಲ್ಕು ಕಾಸು ಉಳಿಯುತ್ತಿದೆ ಎಂದಾಯಿತು. ಮೊದಲ ಅಭಿನಂದನೆ ಅದಕ್ಕೇ. ಆ ನಾಲ್ಕು ಕಾಸನ್ನು ಏನು ಮಾಡಬೇಕೆಂದು ನೀವು ಈಗಾಗಲೇ ಮೂವರನ್ನು ಕೇಳಿದ್ದೀರಿ. ಮಾವನವರು ಸೈಟು ಅಂದರು. ಅಮ್ಮ ಚಿನ್ನ ಅಂದರು. ಆಫೀಸಿನಲ್ಲಿ ಪಕ್ಕದ ಕುರ್ಚಿಯವನು ಮೊಬೈಲ್ ಮುಂದೆ ಹಿಡಿದು ‘ಇಟಿಎಫ್ ತಗೊಳ್ಳಿ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ’ ಅಂದ. ಕಣ್ಣು ಮುಚ್ಚಿಕೊಂಡೇ ಕೊಳ್ಳುವವರು ಕೈಪಿಡಿಯನ್ನು ಇಲ್ಲಿಗೇ ಮಡಚಿ ಇಡಬಹುದು. ಕಣ್ಣು ತೆರೆದು ಕೊಳ್ಳುವವರು ಮುಂದೆ ಓದಿ.

1. ಉತ್ಪನ್ನದ ಪರಿಚಯ

ಇಟಿಎಫ್ ಅಂದರೆ ಎಕ್ಸ್‌ಚೇಂಜ್ ಟ್ರೇಡೆಡ್ ಫಂಡ್. ಇದೂ ಮ್ಯೂಚುವಲ್ ಫಂಡೇ. ಆದರೆ ಷೇರಿನ ಹಾಗೆ ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ಪೇಟೆಯಲ್ಲಿ ಕೈ ಬದಲಾಯಿಸುತ್ತದೆ. ಯಾವ ಷೇರು ಏರುತ್ತದೆ, ಯಾವುದು ಬೀಳುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಮ್ಯಾನೇಜರ್ ಬಹುತೇಕ ಇಟಿಎಫ್‌ಗಳಲ್ಲಿ ಇರುವುದಿಲ್ಲ. ಸೂಚ್ಯಂಕದಲ್ಲಿ ಯಾವ ಕಂಪನಿಗೆ ಎಷ್ಟು ಪಾಲಿದೆಯೋ ಅಷ್ಟನ್ನು ಕೊಂಡು ಸುಮ್ಮನೆ ಕೂರುವುದೇ ಕೆಲಸ. ಸುಮ್ಮನೆ ಕೂರುವವರಿಗೆ ಸಂಬಳ ಕಡಿಮೆ, ಹಾಗಾಗಿ ನಿಮಗೂ ಖರ್ಚು ಕಡಿಮೆ. ದೇಶದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರ ಅಗ್ಗದ ಇಟಿಎಫ್‌ಗಳು ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ 50 ರೂಪಾಯಿ ಆಸುಪಾಸು ತೆಗೆದುಕೊಳ್ಳುತ್ತವೆ. ಏಜೆಂಟರ ಮೂಲಕ ಕೊಂಡ ಮಾಮೂಲು ಈಕ್ವಿಟಿ ಫಂಡು ಅದೇ ಲಕ್ಷಕ್ಕೆ ಒಂದೂವರೆ, ಎರಡು ಸಾವಿರ ತೆಗೆದುಕೊಂಡರೂ ಯಾರೂ ಹುಬ್ಬೇರಿಸುವುದಿಲ್ಲ.

ತಯಾರಿಕೆಯ ಚರಿತ್ರೆ ಹೀಗಿದೆ. ಅಮೆರಿಕದ ಜಾನ್ ಬೋಗ್ಲ್ 1976ರಲ್ಲಿ ವ್ಯಾನ್‌ಗಾರ್ಡ್‌ನಿಂದ ಸಾಮಾನ್ಯ ಜನರಿಗೆಂದು ಮೊದಲ ಸೂಚ್ಯಂಕ ಫಂಡ್ ತಂದರು. 15 ಕೋಟಿ ಡಾಲರ್ ಕೂಡೀತು ಎಂಬ ಲೆಕ್ಕವಿತ್ತು. ಕೂಡಿದ್ದು 1.1 ಕೋಟಿ ಚಿಲ್ಲರೆ. ಬೋಗ್ಲ್‌ನ ಹುಚ್ಚಾಟ ಎಂದು ಪೇಟೆ ನಕ್ಕಿತು. ಮುಂದೆ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್‌ನ ನೇಥನ್ ಮೋಸ್ಟ್ ಅದೇ ಬೋಗ್ಲ್ ಬಳಿ ಬಂದು, ನಿಮ್ಮ ಫಂಡನ್ನು ದಿನವಿಡೀ ಕೊಂಡು ಮಾರುವಂತೆ ಮಾಡೋಣ ಎಂದಾಗ ಬೋಗ್ಲ್ ಒಪ್ಪಲಿಲ್ಲ. ಕೊಂಡವರು ಇಟ್ಟುಕೊಳ್ಳಬೇಕು ಎಂಬುದು ಅವರ ಹಟ. ಮೋಸ್ಟ್ ಬೇರೆ ಬಾಗಿಲು ತಟ್ಟಿದರು. ಸ್ಟೇಟ್ ಸ್ಟ್ರೀಟ್ ಒಪ್ಪಿತು, 1993ರ ಜನವರಿಯಲ್ಲಿ ಎಸ್‌ಅಂಡ್‌ಪಿ 500 ಸೂಚ್ಯಂಕದ ಇಟಿಎಫ್ ಪೇಟೆಗೆ ಬಂತು. ಬೋಗ್ಲ್ ಹೆದರಿದ್ದು ಯಂತ್ರಕ್ಕಲ್ಲ, ಗುಂಡಿ ಒತ್ತುವ ಬೆರಳಿಗೆ. ಈ ಕೈಪಿಡಿಯ ಅರ್ಧ ಭಾಗ ಆ ಬೆರಳಿನ ಬಗ್ಗೆಯೇ ಇದೆ.

ಭಾರತದ ಮೊದಲ ಇಟಿಎಫ್ ನಿಫ್ಟಿ ಬೀಸ್. ಬೆಂಚ್‌ಮಾರ್ಕ್ ಮ್ಯೂಚುವಲ್ ಫಂಡ್ ಅದನ್ನು 2001ರ ಡಿಸೆಂಬರ್ ಕೊನೆಗೆ ತಂದಿತು. ಆಮೇಲೆ ತಯಾರಕರ ಬೋರ್ಡು ಗೋಲ್ಡ್‌ಮನ್ ಸ್ಯಾಕ್ಸ್, ರಿಲಯನ್ಸ್, ನಿಪ್ಪಾನ್ ಎಂದು ಮೂರು ಸಲ ಬದಲಾಯಿತು. ಒಳಗಿನ ಸರಕು ಬದಲಾಗಲಿಲ್ಲ: ಅಂದೂ ನಿಫ್ಟಿ, ಇಂದೂ ನಿಫ್ಟಿ.

ಷೇರುಪೇಟೆ ಎಂದರೆ ಜೂಜು ಎಂದು ಮದುವೆ ಊಟದ ಪಂಕ್ತಿಯಲ್ಲಿ ಉಪದೇಶ ಮಾಡುವ ಭಾವನವರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೊಂದು ಸುದ್ದಿ ಮುಟ್ಟಿಸಿ. 2015ರ ಆಗಸ್ಟ್‌ನಿಂದ ಇಪಿಎಫ್‌ಒ ಹೊಸದಾಗಿ ಬರುವ ಪಿಎಫ್ ಹಣದಲ್ಲಿ ಒಂದು ಪಾಲನ್ನು ಇಟಿಎಫ್‌ಗೆ ಹಾಕುತ್ತಿದೆ. ಮೊದಲು 5%, ಮರುವರ್ಷ 10%, 2017ರಿಂದ 15%. ಪಿಎಫ್ ಇರುವ ಭಾವನವರು ಅಷ್ಟರ ಮಟ್ಟಿಗೆ ಇಟಿಎಫ್ ಒಡೆಯರೇ. ಗೊತ್ತಿಲ್ಲದ್ದರಿಂದ ಅವರು ಒಮ್ಮೆಯೂ ಗಾಬರಿಬಿದ್ದು ಮಾರಿಲ್ಲ. ಬಳಕೆಯ ವಿಧಾನವನ್ನು ಅವರಷ್ಟು ಚೆನ್ನಾಗಿ ಪಾಲಿಸಿದವರು ವಿರಳ.

2. ಪೆಟ್ಟಿಗೆಯಲ್ಲಿ ಏನೇನಿದೆ

ಪೆಟ್ಟಿಗೆ ತೆರೆದರೆ ಒಳಗೆ ಏನೂ ಕಾಣುವುದಿಲ್ಲ. ಗಾಬರಿ ಬೇಡ. ಬಾಂಡ್ ಪತ್ರ, ಪಾಸ್‌ಬುಕ್, ಗೋಡೆ ಕ್ಯಾಲೆಂಡರ್ ಯಾವುದೂ ಇದರ ಜೊತೆ ಬರುವುದಿಲ್ಲ. ಇವತ್ತು ಕೊಂಡ ಯೂನಿಟ್ ನಾಳೆ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಒಂದು ಸಾಲಾಗಿ ಬಂದು ಕೂರುತ್ತದೆ. ಬೇಕಾದ ಪರಿಕರಗಳು ಮೂರು: ಬ್ಯಾಂಕ್ ಖಾತೆ, ಡಿಮ್ಯಾಟ್ ಖಾತೆ, ಟ್ರೇಡಿಂಗ್ ಖಾತೆ. ಈ ವಿಷಯದಲ್ಲಿ ನಮ್ಮವರಿಗೆ ದೂರ ಹೋಗುವ ಕಷ್ಟವಿಲ್ಲ. ಈ ಖಾತೆ ತೆರೆದುಕೊಡುವ ಜೆರೋಧಾ, ಗ್ರೋ ಎರಡೂ ಬೆಂಗಳೂರಿನವೇ. ಆ ಊರಿನ ಟ್ರಾಫಿಕ್ಕಿನಲ್ಲಿ ನಿಂತ ಆಟೊದೊಳಗೇ ಖಾತೆ ತೆರೆದು ಮುಗಿಸಬಹುದು.

ಕವಚ ಬಿಚ್ಚಿ ಯಂತ್ರ ನೋಡಬೇಕೆನ್ನುವ ಕುತೂಹಲಿಗಳಿಗೆ ಒಂದು ವಿವರ. ಇಟಿಎಫ್‌ಗೆ ಎರಡು ಬೆಲೆಗಳಿವೆ. ಒಳಗಿರುವ ಷೇರುಗಳ ನಿಜವಾದ ಮೌಲ್ಯ ಒಂದು, ಅದು ಎನ್‌ಎವಿ. ಪೇಟೆಯಲ್ಲಿ ಜನ ಕೂಗುವ ಬೆಲೆ ಇನ್ನೊಂದು. ಎರಡೂ ಒಂದೇ ಆಗಿರಬೇಕು, ಆದರೆ ತಾವಾಗಿ ಆಗುವುದಿಲ್ಲ. ಅದಕ್ಕೆಂದೇ ಮಾರ್ಕೆಟ್ ಮೇಕರ್‌ಗಳಿದ್ದಾರೆ. ಒಂದೊಂದು ಇಟಿಎಫ್‌ಗೂ ಕನಿಷ್ಠ ಇಬ್ಬರು ಇರಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ. ಪೇಟೆಯ ಬೆಲೆ ಎನ್‌ಎವಿಗಿಂತ ಮೇಲೆ ಹೋದರೆ ಅವರು ಷೇರುಗಳ ಮೂಟೆಯನ್ನು ಫಂಡ್ ಹೌಸ್‌ಗೆ ಒಪ್ಪಿಸಿ ಹೊಸ ಯೂನಿಟ್ ಪಡೆದು ಪೇಟೆಯಲ್ಲಿ ಮಾರುತ್ತಾರೆ, ಬೆಲೆ ಕೆಳಗಿಳಿಯುತ್ತದೆ. ಕೆಳಗೆ ಹೋದರೆ ಯೂನಿಟ್ ಕೊಂಡು ವಾಪಸ್ ಕೊಟ್ಟು ಷೇರು ಪಡೆಯುತ್ತಾರೆ, ಬೆಲೆ ಮೇಲೇರುತ್ತದೆ. ಅವರು ಇದನ್ನು ಸಮಾಜಸೇವೆಗೆ ಮಾಡುವುದಿಲ್ಲ, ನಡುವಿನ ನಾಲ್ಕಾಣೆ ಲಾಭಕ್ಕೆ ಮಾಡುತ್ತಾರೆ. ಅವರ ಆ ಲಾಭವೇ ನಿಮಗೆ ನ್ಯಾಯದ ಬೆಲೆ. ಅವರ ಕೈ ಕಟ್ಟಿಹಾಕಿದ ದಿನ ಏನಾಗುತ್ತದೆಂಬುದನ್ನು ವಿದೇಶಿ ಮಾದರಿಯ ವಿವರಣೆಯಲ್ಲಿ ನೋಡಿ.

ನೀವೂ ಫಂಡ್ ಹೌಸ್ ಜೊತೆ ನೇರವಾಗಿ ವ್ಯವಹರಿಸಬಹುದು. ಮೊತ್ತ 25 ಕೋಟಿ ರೂಪಾಯಿಗಿಂತ ಹೆಚ್ಚಿರಬೇಕು, ಅಷ್ಟೇ. ಅಷ್ಟಿಲ್ಲದವರು ಸಂತೆಯಲ್ಲೇ ಕೊಳ್ಳತಕ್ಕದ್ದು.

3. ಸುರಕ್ಷತಾ ಎಚ್ಚರಿಕೆಗಳು

ಕೆಳಗಿನ ಸ್ಥಿತಿಯಲ್ಲಿ ಯಂತ್ರವನ್ನು ಚಾಲೂ ಮಾಡಬೇಡಿ.

ಕ್ರೆಡಿಟ್ ಕಾರ್ಡಿನ ಬಾಕಿ ಇದ್ದಾಗ. ಆ ಬಡ್ಡಿ ವರ್ಷಕ್ಕೆ 36%, 40% ಮುಟ್ಟುತ್ತದೆ. ಅದನ್ನು ಮೀರಿಸುವ ಸೂಚ್ಯಂಕ ಇನ್ನೂ ಹುಟ್ಟಿಲ್ಲ. ಮೊದಲು ಬಾಕಿ ತೀರಿಸಿ.

ಮುಂದಿನ ವರ್ಷ ಮಗಳ ಮದುವೆಗೆಂದು ಇಟ್ಟ ಹಣವಾಗಿದ್ದರೆ. ಛತ್ರದವರು ನಿಫ್ಟಿ ಏರುವವರೆಗೆ ಕಾಯುವುದಿಲ್ಲ. 2008ರ ಜನವರಿಯಲ್ಲಿ 6,300ರ ಹತ್ತಿರ ಇದ್ದ ನಿಫ್ಟಿ ಅದೇ ಅಕ್ಟೋಬರ್‌ಗೆ 2,500ರ ಆಸುಪಾಸಿಗೆ ಬಂದಿತ್ತು. ಆ ಹಳೆಯ ಎತ್ತರವನ್ನು ಭದ್ರವಾಗಿ ದಾಟಲು 2013ರ ಕೊನೆಯವರೆಗೆ ಕಾಯಬೇಕಾಯಿತು. 2020ರಲ್ಲಿ ಕೊರೊನಾ ಬಂದಾಗ ಜನವರಿಯ 12,400ರಿಂದ ಮಾರ್ಚ್ 23ಕ್ಕೆ 7,610ಕ್ಕೆ ಬಿತ್ತು, ಆ ಒಂದೇ ದಿನದಲ್ಲಿ 13%. ಆ ಸಲ ನವೆಂಬರ್‌ನೊಳಗೆ ಮೇಲೆದ್ದಿತು. ಎಷ್ಟು ಬೀಳುತ್ತದೆ, ಯಾವಾಗ ಏಳುತ್ತದೆ ಎಂಬ ಕಾಲಂ ಈ ಕೈಪಿಡಿಯಲ್ಲಿಲ್ಲ, ಬೇರೆ ಯಾವ ಕೈಪಿಡಿಯಲ್ಲೂ ಇಲ್ಲ. ಏಳು ವರ್ಷ ಮುಟ್ಟದಿರಬಲ್ಲ ಹಣವಷ್ಟೇ ಈ ಯಂತ್ರಕ್ಕೆ ಯೋಗ್ಯ.

ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದಿದ್ದರೆ. ಆರೋಗ್ಯ ವಿಮೆ ಮಾಡಿಸದಿದ್ದರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಬೆಳಗ್ಗೆ ಎದ್ದ ತಕ್ಷಣ ಪೋರ್ಟ್‌ಫೋಲಿಯೊ ನೋಡುವ ಚಟವಿದ್ದರೆ. ಅಂಥವರಿಗೆ ಸೂಚ್ಯಂಕ ಮ್ಯೂಚುವಲ್ ಫಂಡೇ ವಾಸಿ. ಸೂಚ್ಯಂಕ ಅದೇ, ಡಿಮ್ಯಾಟ್ ಬೇಕಿಲ್ಲ, ತಿಂಗಳಿಗೊಮ್ಮೆ ಎಸ್‌ಐಪಿ ತಾನಾಗಿ ಹೋಗುತ್ತದೆ, ದಿನದ ಕೊನೆಯ ಎನ್‌ಎವಿಗೇ ಯೂನಿಟ್ ಸಿಗುತ್ತದೆ. ಖರ್ಚು ತುಸು ಹೆಚ್ಚು, ತಲೆನೋವು ಬಹಳ ಕಡಿಮೆ. ಇಟಿಎಫ್ ಕೈಪಿಡಿಯೇ ಇಟಿಎಫ್ ಬೇಡ ಎನ್ನುವುದು ವಿಚಿತ್ರವಾಗಿ ಕಾಣಬಹುದು. ಆದರೆ ತಿಂಗಳಿಗೆ ಎರಡು, ಮೂರು ಸಾವಿರ ಹಾಕುವವರಿಗೆ ಇದೇ ನಿಜವಾದ ಸಲಹೆ.

4. ಲಭ್ಯವಿರುವ ಮಾದರಿಗಳು

ನಮ್ಮಲ್ಲಿ ಇಟಿಎಫ್‌ಗಳ ಸಂಖ್ಯೆ ಇನ್ನೂರು ದಾಟಿ ಎಷ್ಟೋ ಕಾಲವಾಯಿತು. ಎಲ್ಲವನ್ನೂ ಅಂಗಡಿಯಿಂದ ಇಳಿಸಿ ನೋಡುವ ಅಗತ್ಯವಿಲ್ಲ.

ವಿಶಾಲ ಮಾದರಿ. ನಿಫ್ಟಿ 50, ಸೆನ್ಸೆಕ್ಸ್, ನಿಫ್ಟಿ ನೆಕ್ಸ್ಟ್ 50 ಈ ಸಾಲಿನವು. ಇವುಗಳ ದೊಡ್ಡ ಗುಣ, ಕೆಟ್ಟ ಸರಕನ್ನು ತಾವೇ ಹೊರಹಾಕುತ್ತವೆ. 2009ರ ಜನವರಿಯಲ್ಲಿ ಹಗರಣ ಹೊರಬಿದ್ದ ಮೇಲೆ ಸತ್ಯಂ ನಿಫ್ಟಿಯಿಂದ ಹೊರಬಿತ್ತು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿಗೂ ಅದೇ ಗತಿಯಾಯಿತು. ಆ ಷೇರುಗಳನ್ನೇ ಬಿಡಿಯಾಗಿ ಇಟ್ಟುಕೊಂಡವರು ಇನ್ನೂ ‘ವಾಪಸ್ ಬರುತ್ತೆ’ ಎನ್ನುತ್ತಿದ್ದರೆ, ಸೂಚ್ಯಂಕಕ್ಕೆ ಅಂಥ ಮಮಕಾರವಿಲ್ಲ. ದೋಷವೂ ಒಂದಿದೆ: ಐವತ್ತು ಕಂಪನಿ ಎಂದರೂ ನಿಫ್ಟಿಯ ಮೂರನೇ ಒಂದು ಭಾಗದಷ್ಟು ತೂಕ ಬ್ಯಾಂಕು, ಹಣಕಾಸು ಕಂಪನಿಗಳದ್ದೇ.

ಫ್ಯಾಷನ್ ಮಾದರಿ. ರಕ್ಷಣೆ, ಐಟಿ, ಫಾರ್ಮಾ, ವಿದ್ಯುತ್ ವಾಹನ ಎಂದು ಬಿಡಿಬಿಡಿ ಕ್ಷೇತ್ರದವು. ಒಂದು ಕ್ಷೇತ್ರ ಎರಡು ವರ್ಷ ಜೋರಾಗಿ ಏರಿ, ವಾಟ್ಸ್ಆ್ಯಪ್‌ನಲ್ಲಿ ಬಂದು, ಕ್ಷೌರದಂಗಡಿಯಲ್ಲಿ ಚರ್ಚೆಯಾದ ಮೇಲೆ ಅದರ ಹೊಸ ಇಟಿಎಫ್ ಬಿಡುಗಡೆಯಾಗುವುದು ವಾಡಿಕೆ. ಜಾಹೀರಾತು ನಿಮ್ಮ ಕಣ್ಣಿಗೆ ಬಿದ್ದ ಹೊತ್ತಿಗೆ ಪಂಕ್ತಿ ಎದ್ದಿರುತ್ತದೆ.

ಸ್ಮಾರ್ಟ್ ಮಾದರಿ. ಮೊಮೆಂಟಮ್, ಆಲ್ಫಾ, ಲೋ ವೊಲಟಿಲಿಟಿ ಎಂಬ ಹೆಸರುಗಳಲ್ಲಿ ಬರುತ್ತವೆ. ಇವುಗಳ ಗ್ರಾಫ್ ನೋಡಿದವರು ಕರಗದೆ ಇರುವುದಿಲ್ಲ. ಕರಗುವ ಮುನ್ನ ತಾರೀಕು ನೋಡಿ. ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕ ಶುರುವಾದದ್ದು 2020ರ ಆಗಸ್ಟ್‌ನಲ್ಲಿ. ಗ್ರಾಫ್ ಶುರುವಾಗುವುದು 2005ರ ಏಪ್ರಿಲ್‌ನಿಂದ. ನಡುವಿನ ಹದಿನೈದು ವರ್ಷ ಯಾರೂ ಅದರಲ್ಲಿ ಒಂದು ರೂಪಾಯಿ ಹಾಕಿರಲಿಲ್ಲ, ಹಳೆಯ ಬೆಲೆಗಳ ಮೇಲೆ ಸೂತ್ರ ಓಡಿಸಿ ಬರೆದ ಲೆಕ್ಕ ಅದು. ಹುಟ್ಟುವುದಕ್ಕೆ ಹದಿನೈದು ವರ್ಷ ಮುಂಚಿನಿಂದ ಅಂಕಪಟ್ಟಿ ತಂದು ತೋರಿಸುವ ವರನಿಗೆ ನೀವು ಹೆಣ್ಣು ಕೊಡುತ್ತೀರಾ ಎಂದು ಕೇಳಿಕೊಳ್ಳಿ. ಸೂತ್ರ ಸುಳ್ಳೆಂದಲ್ಲ, ಮುಂದೆಯೂ ಹಾಗೇ ಓಡುತ್ತದೆಂಬ ಭರವಸೆ ಬೇಡ.

ಚಿನ್ನದ ಮಾದರಿ. ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ, ದೇಶದ ಮೊದಲ ಇಟಿಎಫ್ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಮರುವರ್ಷವೇ ಅದೇ ಬೆಂಚ್‌ಮಾರ್ಕ್‌ನವರು ಚಿನ್ನಕ್ಕೂ ಇಂಥದ್ದೊಂದು ಮಾಡೋಣವೆಂದು ಸೆಬಿಗೆ ಅರ್ಜಿ ಹಾಕಿದರು. ಒಪ್ಪಿಗೆ ಸಿಕ್ಕಿ ಗೋಲ್ಡ್ ಬೀಸ್ ಪೇಟೆಗೆ ಬರುವಾಗ 2007ರ ಮಾರ್ಚ್ ಆಗಿತ್ತು, ಅಷ್ಟರಲ್ಲಿ ಬೇರೆ ದೇಶಗಳು ಮುಂದೆ ಹೋಗಿದ್ದವು. ಆಗ ಒಂದು ಯೂನಿಟ್ ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಈಗ ಗ್ರಾಮಿನ ನೂರನೇ ಒಂದು ಭಾಗ. ಮೇಕಿಂಗ್ ಚಾರ್ಜ್ ಇಲ್ಲ, ವೇಸ್ಟೇಜ್ ಇಲ್ಲ, ಲಾಕರ್ ಬಾಡಿಗೆ ಇಲ್ಲ. ಒಂದೇ ಕೊರತೆ, ಹಾಕಿಕೊಂಡು ನಾಮಕರಣಕ್ಕೆ ಹೋಗಲಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಈ ಮಾದರಿಯನ್ನು ಒಡವೆಗೆ ಬದಲಾಗಿ ಎಂದು ಪರಿಚಯಿಸಬೇಡಿ. ಹೂಡಿಕೆ ಎಂದು ಹೇಳಿ, ಜಗಳ ತಪ್ಪುತ್ತದೆ.

ಬೆಳ್ಳಿಯ ಮಾದರಿ. 2022ರ ಜನವರಿಯಿಂದ ಲಭ್ಯ. ಚಿನ್ನಕ್ಕಿಂತ ಹುರುಪು ಹೆಚ್ಚು, ಏರುವಾಗಲೂ ಬೀಳುವಾಗಲೂ. 2025ರ ಅಕ್ಟೋಬರ್‌ನಲ್ಲಿ ದೀಪಾವಳಿಗೆ ಮುಂಚೆ ಬೆಳ್ಳಿಗೆ ಬರ ಬಂದು, ಯೂನಿಟ್‌ಗಳು ಎನ್‌ಎವಿಗಿಂತ ಬಹಳ ಮೇಲೆ ಮಾರಾಟವಾದವು. ಕೆಲವು ಫಂಡ್ ಹೌಸ್‌ಗಳು ತಮ್ಮ ಬೆಳ್ಳಿ ಫಂಡ್‌ಗಳಿಗೆ ಹೊಸ ಇಡಿಗಂಟು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಅಂಗಡಿಯವನೇ ‘ಈಗ ಬೇಡಿ’ ಎಂದರೂ ಜನ ಪೇಟೆಯಲ್ಲಿ ಕ್ಯೂ ನಿಂತರು.

ವಿದೇಶಿ ಮಾದರಿ. ನ್ಯಾಸ್ಡಾಕ್, ಹ್ಯಾಂಗ್ ಸೆಂಗ್ ಇತ್ಯಾದಿ. ನಮ್ಮ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶಿ ಷೇರುಗಳಲ್ಲಿ ಹಾಕಬಹುದಾದ ಹಣಕ್ಕೆ 700 ಕೋಟಿ ಡಾಲರ್‌ಗಳ ಮಿತಿಯಿದೆ. 2022ರ ಆರಂಭದಲ್ಲಿ ಅದು ತುಂಬುತ್ತ ಬಂದಾಗ ಹೊಸ ಯೂನಿಟ್ ಹುಟ್ಟುವುದು ನಿಂತಿತು. ಮಾರ್ಕೆಟ್ ಮೇಕರ್‌ಗಳ ಕೈ ಕಟ್ಟಿಹೋಗಿದ್ದು ಹೀಗೆ. ಇದ್ದ ಯೂನಿಟ್‌ಗಳಿಗೇ ಜನ ಮುಗಿಬಿದ್ದು, ಬೆಲೆ ಎನ್‌ಎವಿಗಿಂತ 10%, 20% ಮೇಲೆ ಹೋದ ದಿನಗಳೂ ಉಂಟು. 100 ರೂಪಾಯಿ ಮೌಲ್ಯದ ಯೂನಿಟ್ಟನ್ನು 120ಕ್ಕೆ ಕೊಂಡವರು, ಆ ಹೆಚ್ಚುವರಿ ಕರಗಿದರೆ, ಅಮೆರಿಕದ ಪೇಟೆ 20% ಏರಿದ ಮೇಲೆ ಅಸಲಿಗೆ ಬರುತ್ತಾರೆ.

ಸಾಲಪತ್ರದ ಮಾದರಿ. 2019ರ ಡಿಸೆಂಬರ್‌ನಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್ ಸರ್ಕಾರಿ ಸ್ವಾಮ್ಯದ ಕಂಪನಿಗಳ ಎಎಎ ದರ್ಜೆಯ ಬಾಂಡ್‌ಗಳನ್ನು ಇಟ್ಟುಕೊಳ್ಳುತ್ತದೆ. ಹೆಸರಿನಲ್ಲೇ ಮುಗಿಯುವ ವರ್ಷ ಇರುತ್ತದೆ. ಅಲ್ಲಿಯವರೆಗೆ ಕೈಯಾಡಿಸದೆ ಇದ್ದರೆ ಎಷ್ಟು ಬರುತ್ತದೆಂಬ ಅಂದಾಜು ಮೊದಲೇ ಸಿಗುತ್ತದೆ. ಅವಸರದಲ್ಲಿ ಪೇಟೆಯಲ್ಲಿ ಮಾರಲು ಹೋದರೆ ಕೊಳ್ಳುವವರು ಕಡಿಮೆ ಇರುತ್ತಾರೆ.

5. ಆಯ್ಕೆಯ ಹಂತಗಳು

ಹಂತ 1: ಮೊದಲು ಸೂಚ್ಯಂಕ ಆರಿಸಿ, ಕಂಪನಿಯನ್ನಲ್ಲ. ಜನ ತಲೆಕೆಳಗು ಮಾಡುವುದು ಇಲ್ಲೇ. ಯಾವ ಫಂಡ್ ಹೌಸ್ ಒಳ್ಳೆಯದು ಎಂದು ವಾರಗಟ್ಟಲೆ ವಾದಿಸಿ, ಕೊಳ್ಳುವುದು ಏನನ್ನು ಎಂಬುದನ್ನು ಅರ್ಧ ನಿಮಿಷದಲ್ಲಿ ತೀರ್ಮಾನಿಸುತ್ತಾರೆ. ನಿಫ್ಟಿ 50 ಯಾರ ಅಂಗಡಿಯಲ್ಲಿ ಕೊಂಡರೂ ನಿಫ್ಟಿ 50ಯೇ.

ಹಂತ 2: ಒಂದೇ ಸರಕನ್ನು ನಾಲ್ಕು ಹೆಸರಿನಲ್ಲಿ ಕೊಳ್ಳಬೇಡಿ. ಸೆನ್ಸೆಕ್ಸ್‌ನ 30 ಕಂಪನಿಗಳು ಬಹುತೇಕ ನಿಫ್ಟಿಯ 50ರೊಳಗೇ ಇವೆ. ನಿಫ್ಟಿ 100 ಅಂದರೆ ನಿಫ್ಟಿ 50 ಮತ್ತು ನೆಕ್ಸ್ಟ್ 50 ಕೂಡಿದ್ದು. ಬ್ಯಾಂಕ್ ನಿಫ್ಟಿಯ ದೊಡ್ಡ ಬ್ಯಾಂಕುಗಳೇ ನಿಫ್ಟಿಯ ತಲೆಯಾಳುಗಳು. ಈ ನಾಲ್ಕನ್ನೂ ಕೊಂಡು ‘ಹಣ ಹಂಚಿ ಹಾಕಿದ್ದೀನಿ’ ಎನ್ನುವವರು ಹಂಚಿದ್ದು ಬ್ರೋಕರೇಜ್ ಮಾತ್ರ.

ಹಂತ 3: ಫಂಡು ಸೂಚ್ಯಂಕಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ನೋಡಿ. ಇದಕ್ಕೆ ಟ್ರ್ಯಾಕಿಂಗ್ ಡಿಫರೆನ್ಸ್ ಎನ್ನುತ್ತಾರೆ, ಫಂಡ್ ಹೌಸ್‌ನ ವೆಬ್‌ಸೈಟಿನಲ್ಲಿ ಪ್ರಕಟವಾಗಿರುತ್ತದೆ. ಡಿವಿಡೆಂಡ್ ಸೇರಿಸಿದ ಟಿಆರ್‌ಐ ಸೂಚ್ಯಂಕಕ್ಕೆ ಹೋಲಿಸಬೇಕು. ಡಿವಿಡೆಂಡ್ ಬಿಟ್ಟ ಸೂಚ್ಯಂಕಕ್ಕೆ ಹೋಲಿಸಿದರೆ ಎಂಥ ಫಂಡೂ ಜಾಣನಾಗಿ ಕಾಣುತ್ತದೆ. ಖರ್ಚಿನ ಅನುಪಾತ ಕಡಿಮೆ ಎಂದು ಬೋರ್ಡು ಹಾಕಿ ಸೂಚ್ಯಂಕಕ್ಕಿಂತ ಬಹಳ ಹಿಂದೆ ಬೀಳುವ ಫಂಡಿಗಿಂತ, ತುಸು ದುಬಾರಿಯಾದರೂ ಬೆನ್ನಿಗಂಟಿ ನಡೆಯುವ ಫಂಡೇ ಮೇಲು.

ಹಂತ 4: ಸಂತೆ ಕೂಡುತ್ತದೆಯೇ ನೋಡಿ. ದಿನಕ್ಕೆ ಎಷ್ಟು ಯೂನಿಟ್ ಕೈ ಬದಲಾಗುತ್ತದೆ, ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಎಷ್ಟು ಅಂತರ ಎಂಬುದು ಬೋರ್ಡಿನ ಮೇಲಿನ ಖರ್ಚಿಗಿಂತ ಮುಖ್ಯ. ಏಕೆ ಎಂಬುದು ಮುಂದಿನ ಅಧ್ಯಾಯದಲ್ಲಿ ರೂಪಾಯಿ ಪೈಸೆ ಸಮೇತ ಇದೆ.

6. ಚಾಲನೆ ಮಾಡುವ ವಿಧಾನ

ಬೆಳಗ್ಗೆ 9.16. ನೀವು ಖರ್ಚು ಅತಿ ಕಡಿಮೆ ಎಂದು ಹುಡುಕಿ ತೆಗೆದ, ಯಾರೂ ಹೆಚ್ಚು ಕೊಳ್ಳದ ಒಂದು ಇಟಿಎಫ್ ಮೊಬೈಲಿನ ಪರದೆಯಲ್ಲಿದೆ ಎಂದಿಟ್ಟುಕೊಳ್ಳಿ. ಪಕ್ಕದವರದಕ್ಕಿಂತ ಖರ್ಚು 0.02% ಕಡಿಮೆ ಎಂಬುದು ನಿಮ್ಮ ಹೆಮ್ಮೆ. ಆ ಕ್ಷಣದ ನಿಜ ಮೌಲ್ಯ, ಅಂದರೆ ಐಎನ್‌ಎವಿ, 101.95 ರೂಪಾಯಿ. ನಿಮಗೆ ಬೇಕಾದ್ದು 300 ಯೂನಿಟ್. ‘ಮಾರ್ಕೆಟ್ ಆರ್ಡರ್’ ಎಂದು ಒತ್ತಿಬಿಟ್ಟಿರಿ.

ಮಾರುವವರ ಸಾಲು ಹೀಗಿತ್ತು: 102.10ಕ್ಕೆ 40 ಯೂನಿಟ್, 102.85ಕ್ಕೆ 25, ಆಮೇಲೆ ಒಮ್ಮೆಲೇ 104.50ಕ್ಕೆ 300. ಮಾರ್ಕೆಟ್ ಆರ್ಡರ್ ಅಂದರೆ ಸಿಕ್ಕ ಬೆಲೆಗೆ ಕೊಡಿ ಎಂದರ್ಥ. ಮೊದಲ 40, ನಂತರದ 25 ಮುಗಿದು, ಉಳಿದ 235 ಯೂನಿಟ್ 104.50ಕ್ಕೆ ಬಂದವು. ಒಟ್ಟು ಕೊಟ್ಟದ್ದು 31,212 ರೂಪಾಯಿ 75 ಪೈಸೆ. ನಿಜ ಮೌಲ್ಯ 30,585. ಒಂದು ಬೆರಳಿನ ಒತ್ತಿಗೆ 627 ರೂಪಾಯಿ 75 ಪೈಸೆ ಹೋಯಿತು. ಇತ್ತ 0.02% ಖರ್ಚು ಕಡಿಮೆಯಿಂದ ನೀವು ಉಳಿಸುವುದು ವರ್ಷಕ್ಕೆ ಸುಮಾರು 6 ರೂಪಾಯಿ. ಹೋದದ್ದನ್ನು ಈ ಉಳಿತಾಯದಲ್ಲಿ ತುಂಬಿಕೊಳ್ಳಲು ನೂರು ವರ್ಷ ಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಪೇಟೆಯವರು ಹೀಗೆ ಪಾಲಿಸುತ್ತಾರೆ.

ಸರಿಯಾದ ವಿಧಾನ: ಪೇಟೆ ತೆರೆದ ಮೊದಲ ಹದಿನೈದು ನಿಮಿಷ, ಮುಚ್ಚುವ ಕೊನೆಯ ಹದಿನೈದು ನಿಮಿಷ ಬಿಡಿ. ಫಂಡ್ ಹೌಸ್‌ನ ವೆಬ್‌ಸೈಟಿನಲ್ಲಿ ಐಎನ್‌ಎವಿ ನೋಡಿ. ‘ಲಿಮಿಟ್ ಆರ್ಡರ್’ ಆರಿಸಿ, ಐಎನ್‌ಎವಿಯ ಹತ್ತಿರದ ಬೆಲೆ ಬರೆಯಿರಿ. ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ನಾಳೆಯೂ ಪೇಟೆ ತೆರೆಯುತ್ತದೆ. ತರಕಾರಿಯವಳ ಬಳಿ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ನಮಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದೇ ಆಶ್ಚರ್ಯ.

7. ನಿರ್ವಹಣೆ ಮತ್ತು ಸ್ವಚ್ಛತೆ

ಈ ಯಂತ್ರಕ್ಕೆ ಎಣ್ಣೆ ಬಿಡುವುದು ಬೇಡ, ಒರೆಸುವುದು ಬೇಡ. ಕೆಟ್ಟುಹೋಗುವುದೆಲ್ಲ ಪದೇಪದೇ ಮುಟ್ಟುವುದರಿಂದಲೇ. ವರ್ಷಕ್ಕೊಮ್ಮೆ, ಯುಗಾದಿಯೋ ಹುಟ್ಟುಹಬ್ಬವೋ ಒಂದು ದಿನ ಗೊತ್ತು ಮಾಡಿಕೊಂಡು ತೆರೆದು ನೋಡಿ. ಷೇರಿಗೆ 70, ಸಾಲಪತ್ರಕ್ಕೆ 20, ಚಿನ್ನಕ್ಕೆ 10 ಎಂದು ಮೊದಲು ಬರೆದಿಟ್ಟಿದ್ದಿರಿ ಅನ್ನಿ, ಚಿನ್ನ ಏರಿ 18 ಆಗಿದ್ದರೆ ಹೊಸ ಹಣವನ್ನು ಚಿನ್ನಕ್ಕೆ ಹಾಕದೆ ಉಳಿದ ಎರಡಕ್ಕೆ ಹಾಕಿ. ಎಲ್ಲರೂ ಚಿನ್ನ ಕೊಳ್ಳುತ್ತಿರುವಾಗ ನೀವು ಕೊಳ್ಳದಿರುವುದು ಮೂರ್ಖತನದಂತೆ ಕಾಣುತ್ತದೆ. ಕಂಡರೆ ಕಾಣಲಿ.

ಮಾರಿದರೆ ಖರ್ಚುಗಳು ಕಾದಿವೆ. 2024ರ ಜುಲೈ 23ರಿಂದ ಈಕ್ವಿಟಿ ಇಟಿಎಫ್ ಅನ್ನು ಹನ್ನೆರಡು ತಿಂಗಳೊಳಗೆ ಮಾರಿದರೆ ಲಾಭದ ಮೇಲೆ 20% ತೆರಿಗೆ. ಆಮೇಲೆ ಮಾರಿದರೆ ಆರ್ಥಿಕ ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕಷ್ಟೇ 12.5%. ಚಿನ್ನದ ಇಟಿಎಫ್‌ಗೆ ಹನ್ನೆರಡು ತಿಂಗಳ ನಂತರ 12.5%, ಆದರೆ ಆ 1.25 ಲಕ್ಷದ ವಿನಾಯಿತಿ ಇಲ್ಲ. 2023ರ ಏಪ್ರಿಲ್ ನಂತರ ಕೊಂಡ ಸಾಲಪತ್ರದ ಇಟಿಎಫ್‌ಗೆ ಎಷ್ಟು ವರ್ಷ ಇಟ್ಟರೂ ನಿಮ್ಮ ಆದಾಯದ ಸ್ಲ್ಯಾಬಿನ ದರವೇ. ಇವೆಲ್ಲದರ ಮೇಲೆ ಮಾರಿದ ದಿನ ಡಿಪಿ ಶುಲ್ಕವೆಂದು 15 ರೂಪಾಯಿ ಆಸುಪಾಸು. ಎರಡು ಯೂನಿಟ್ ಮಾರಿದರೂ ಅಷ್ಟೇ, ಎರಡು ಸಾವಿರ ಮಾರಿದರೂ ಅಷ್ಟೇ. ದಿನಾ ಚಿಲ್ಲರೆ ಮಾರುವವರ ಪುಣ್ಯ ಯಾರಿಗೆ ಸೇರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

8. ದೋಷ ಮತ್ತು ಪರಿಹಾರ

ದೋಷ: ಕೊಂಡ ಮರುದಿನವೇ ಬೆಲೆ ಇಳಿಯಿತು. ಕಾರಣ: ಪೇಟೆಗೆ ನಿಮ್ಮ ಪರಿಚಯವಿಲ್ಲ. ಪರಿಹಾರ: ಆ್ಯಪ್ ಮುಚ್ಚಿ.

ದೋಷ: ಪಕ್ಕದ ಕುರ್ಚಿಯವನ ಇಟಿಎಫ್ ನಿಮ್ಮದಕ್ಕಿಂತ ಜೋರಾಗಿ ಏರುತ್ತಿದೆ. ಕಾರಣ: ಅವನು ಇಳಿದದ್ದನ್ನು ತೋರಿಸುವುದಿಲ್ಲ. ಪರಿಹಾರ: ಕುರ್ಚಿ ಬದಲಿಸಿ, ಫಂಡನ್ನಲ್ಲ.

ದೋಷ: ಪೋರ್ಟ್‌ಫೋಲಿಯೊದಲ್ಲಿ ಹದಿನಾಲ್ಕು ಇಟಿಎಫ್‌ಗಳಿವೆ, ಒಂದೊಂದರಲ್ಲೂ ಎರಡೆರಡು ಸಾವಿರ. ಕಾರಣ: ಪ್ರತಿ ಜಾಹೀರಾತಿಗೂ ಗೌರವ ತೋರಿದ್ದು. ಪರಿಹಾರ: ಮೂರಕ್ಕಿಂತ ಹೆಚ್ಚಿದ್ದರೆ ಒಂದೊಂದಕ್ಕೂ ಏಕೆ ಕೊಂಡೆ ಎಂದು ಒಂದು ಸಾಲು ಬರೆಯಿರಿ. ಸಾಲು ಹೊಳೆಯದಿದ್ದರೆ, ಹನ್ನೆರಡು ತಿಂಗಳು ತುಂಬಿದ ಮೇಲೆ ಅದನ್ನು ಮಾರಿ.

ದೋಷ: ಬೆಲೆ ಎನ್‌ಎವಿಗಿಂತ ಬಹಳ ಕೆಳಗಿದೆ, ಮಾರಲು ಹೋದರೆ ಕೊಳ್ಳುವವರಿಲ್ಲ. ಕಾರಣ: ಸಂತೆ ಕೂಡದ ಫಂಡು. ಪರಿಹಾರ: ಸತತ ಏಳು ವಹಿವಾಟಿನ ದಿನ ಬೆಲೆ ಎನ್‌ಎವಿಗಿಂತ 1%ಗೂ ಹೆಚ್ಚು ಕೆಳಗಿದ್ದರೆ ಸಣ್ಣ ಹೂಡಿಕೆದಾರರೂ ನೇರ ಫಂಡ್ ಹೌಸ್‌ಗೇ ಯೂನಿಟ್ ಹಿಂತಿರುಗಿಸಬಹುದು ಎಂದು ಸೆಬಿ ನಿಯಮವಿದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ದೋಷ: ಟಿವಿಯಲ್ಲಿ ಕೆಂಪು ಬಾಣಗಳು, ಎದೆಬಡಿತ. ಕಾರಣ: ಟಿವಿ. ಪರಿಹಾರ: ಕಾರಣದಲ್ಲೇ ಇದೆ.

9. ಖಾತರಿ

ಯಾವ ಖಾತರಿಯೂ ಇಲ್ಲ. ಖಾತರಿ ಕೊಡುತ್ತೇನೆ ಎಂದು ಯಾರಾದರೂ ಫೋನ್ ಮಾಡಿದರೆ, ಟೆಲಿಗ್ರಾಮ್ ಗುಂಪಿಗೆ ಸೇರಿಸಿದರೆ, ಅದು ಇಟಿಎಫ್ ಅಲ್ಲ, ಮೋಸ.

ಕೊನೆಯದಾಗಿ, ಕೈಪಿಡಿಯ ತೀರ್ಪು ಇಷ್ಟು. ದುಡಿಯುವ ಸಾಮಾನ್ಯ ಕುಟುಂಬಕ್ಕೆ ಜನ ಕೂಡುವ ಒಂದು ನಿಫ್ಟಿ 50 ಇಟಿಎಫ್, ಬೇಕೆನಿಸಿದರೆ ಒಂದು ಚಿನ್ನದ್ದು, ಸ್ಥಿರತೆಗೆ ಪಿಪಿಎಫ್, ಎಫ್‌ಡಿ ಅಥವಾ ಒಂದು ಬಾಂಡ್ ಇಟಿಎಫ್ ಸಾಕು. ಉಳಿದ ನೂರಾರು ಮಾದರಿಗಳು ಇಲ್ಲದೆಯೂ ಸಂಸಾರ ನಡೆಯುತ್ತದೆ. ಆರಿಸಲು ಒಂದು ಭಾನುವಾರ ಸಾಕು. ಮಾರದೆ ಇರಲು ಹತ್ತು, ಹದಿನೈದು ವರ್ಷದ ಹಟ ಬೇಕು.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಡಿಮ್ಯಾಟ್ ಖಾತೆಗೆ ನಾಮಿನಿ ಹೆಸರು ಹಾಕಿ, ಖಾತೆ ಎಲ್ಲಿದೆ, ಅದರಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಪೆಟ್ಟಿಗೆಯಲ್ಲಿ ಕಾಗದವಿಲ್ಲದ ಈ ಆಸ್ತಿ ಇರುವುದು ನಿಮಗೊಬ್ಬರಿಗೇ ಗೊತ್ತಿದ್ದರೆ, ನಾಳೆ ಅದು ಯಾರಿಗೂ ಸಿಗುವುದಿಲ್ಲ.